ಅಂದದ ಹಾಳೆಗಳು ನನ್ನನ್ನು ಏಮಾರಿಸಿದ್ದು

ಮನೆಯಲ್ಲೇ ಡ್ರಾಯಿಂಗ್ ಕ್ಲಾಸ್ ಶುರುಮಾಡಿದ ಹೊಸದರಲ್ಲಿ ನನ್ನ ಪಾಠಕ್ರಮ ಸಲೀಸಾಗಿತ್ತು. ಒಂದಿಡೀ ತಿಂಗಳು ಪಾತ್ರೆ, ಮುಂದಿನ ತಿಂಗಳು ಎಲೆ-ಹೂವು, ಆಮೇಲೆ ಕೈಕಾಲು. ನಾನು ಬೋರ್ಡಿನ ಮೇಲೆ ಬಿಡಿಸುತ್ತಿದ್ದೆ, ಮಕ್ಕಳು ನೋಡಿಕೊಂಡು ಬಿಡಿಸುತ್ತಿದ್ದರು. ತಿಂಗಳ ಕೊನೆಗೆ ಹಾಳೆಗಳು ಅಂದವಾಗಿರುತ್ತಿದ್ದವು. ಹೆತ್ತವರಿಗೂ ಖುಷಿ, ನನಗೂ ಖುಷಿ.

ಡ್ರಾಯಿಂಗ್ ಲೋಯರ್ ಗ್ರೇಡ್ ಪರೀಕ್ಷೆ ಹತ್ತಿರ ಬಂದಾಗ ಬಂಡವಾಳ ಬಯಲಾಯಿತು. ಮೇಜಿನ ಮೇಲೆ ಹಿತ್ತಾಳೆ ಚೊಂಬಿಟ್ಟು, ಬೋರ್ಡು ಖಾಲಿ ಬಿಟ್ಟು ಕೂತೆ. ಪಾತ್ರೆಯ ತಿಂಗಳಲ್ಲಿ ಅದನ್ನೇ ಚೆಂದಗೆ ಬಿಡಿಸಿದ್ದವರು ಈಗ ಚೊಂಬಿನ ಬಾಯಿಯ ಎರಡೂ ತುದಿಗಳನ್ನು ಚೂಪಾಗಿಸಿದರು. ತಳಕ್ಕೆ ಸ್ಕೇಲಿಟ್ಟಂತೆ ನೇರ ಗೆರೆ ಎಳೆದರು. ಮೇಜು ಸಪಾಟು, ಹಾಗಾಗಿ ಅದರ ಮೇಲೆ ಕೂತದ್ದರ ತಳವೂ ಸಪಾಟು ಎಂಬ ಲೆಕ್ಕ. ಎದುರಿಗಿದ್ದ ಬಾಗಿದ ಗೆರೆಯನ್ನು ಯಾರೂ ನೋಡಿರಲಿಲ್ಲ. “ಸಾರ್, ನೀವೊಂದ್ಸಲ ಬೋರ್ಡ್ ಮೇಲೆ ಬಿಡಿಸಿ, ನೋಡ್ಕೊಂಡು ಬಿಡಿಸ್ತೀವಿ” ಎಂದಳು ಒಬ್ಬಳು.

ಕಾರಣ ಹುಡುಕುತ್ತ ಹೋದಾಗ ಸಿಕ್ಕಿದ್ದು ಅಮೆರಿಕದ ಮನೋವಿಜ್ಞಾನಿಗಳಾದ ನೇಟ್ ಕೊರ್ನೆಲ್ ಮತ್ತು ರಾಬರ್ಟ್ ಬ್ಯೋರ್ಕ್ 2008ರಲ್ಲಿ ಪ್ರಕಟಿಸಿದ ಪ್ರಯೋಗ. 12 ಕಲಾವಿದರ ತಲಾ 6 ಚಿತ್ರಗಳನ್ನು ಅವರು ಜನರಿಗೆ ತೋರಿಸಿದರು. ಕೆಲವು ಕಲಾವಿದರ ಚಿತ್ರಗಳನ್ನು ಒಟ್ಟಿಗೆ ಸಾಲಾಗಿ, ಉಳಿದವರದನ್ನು ಕಲಸಿ. ಆಮೇಲೆ ಹೊಸ ಚಿತ್ರ ತೋರಿಸಿ ಇದು ಯಾರದೆಂದು ಕೇಳಿದಾಗ, ಕಲಸಿ ನೋಡಿದ್ದೇ ಹೆಚ್ಚು ನೆರವಾಗಿತ್ತು. ತಮಾಷೆಯೆಂದರೆ, ಅಷ್ಟಾದ ಮೇಲೂ ಹೆಚ್ಚಿನವರು ಸಾಲಾಗಿ ನೋಡಿದ್ದರಿಂದಲೇ ಚೆನ್ನಾಗಿ ಕಲಿತೆವು ಎಂದರು. ನನ್ನ ಅಂದದ ಹಾಳೆಗಳ ಗುಟ್ಟು ಅಲ್ಲಿತ್ತು.

ನಾನೋ, ಅದನ್ನೇ ವೇದವಾಕ್ಯ ಮಾಡಿಕೊಂಡೆ. ಪೆನ್ಸಿಲ್ ಹಿಡಿತವೇ ಕೂಡದ ಹೊಸ ಮಕ್ಕಳಿಗೂ ಒಂದೇ ದಿನ ಚೊಂಬು, ಎಲೆ, ಅಂಗೈ. ಹಾಳೆ ರಬ್ಬರಿನ ಉಜ್ಜಾಟಕ್ಕೆ ಹರಿಯುವುದು, ಮಗು ಮುಖ ಸಪ್ಪಗೆ ಮಾಡಿ ಕೂರುವುದು. ಕೆಲವರು ಬರುವುದನ್ನೇ ಬಿಟ್ಟರು. ಹೆತ್ತವರು “ಟ್ಯೂಷನ್ ಜಾಸ್ತಿ ಆಯ್ತು” ಎಂದರು, ನನಗೆ ಅರ್ಥವಾಗಿತ್ತು. ಆ ಪ್ರಯೋಗದಲ್ಲಿ ಯಾರೂ ಪೆನ್ಸಿಲ್ಲನ್ನೇ ಮುಟ್ಟಿರಲಿಲ್ಲ. ಗುರುತಿಸುವ ಕಣ್ಣಿನ ಪರೀಕ್ಷೆಯನ್ನು ನಾನು ಗೆರೆ ಎಳೆಯುವ ಕೈಗೆ ಹೇರಿದ್ದೆ. ಕಲಿಯುವವನ ಕೈಲಾಗದ ಕಷ್ಟದಿಂದ ಪ್ರಯೋಜನವಿಲ್ಲ ಎಂದು ಬ್ಯೋರ್ಕ್ ಅವರೇ ಎಚ್ಚರಿಸಿದ್ದರೂ ಅದನ್ನು ಹಾರಿಸಿ ಓದಿದ್ದೆ.

ದಾರಿ ತೋರಿದ್ದು ಹಳೆಯ ಕಾಲದ ಮೇಷ್ಟ್ರು. ಪ್ಯಾರಿಸ್ಸಿನ ಹೊರಾಸ್ ಲೆಕೋಕ್ ದ ಬ್ವಾಬೋದ್ರಾನ್ 19ನೇ ಶತಮಾನದಲ್ಲಿ ಶಿಲ್ಪಿ ರೋಡಿನ್ ಅವರಿಗೂ ಪಾಠ ಹೇಳಿದವರು. ನೆನಪಿನಿಂದ ಬಿಡಿಸುವುದನ್ನು ಅವರು ಸರಳ ಆಕಾರದಿಂದ ಶುರುಮಾಡಿ, ಕ್ರಮೇಣ ಕಷ್ಟದ್ದಕ್ಕೆ ಏರಿಸುತ್ತಿದ್ದರು.

ಈಗ ನನ್ನಲ್ಲಿ ಚೊಂಬಿನ ಬಾಯಿ ದುಂಡಗೆ ತಿರುಗುವವರೆಗೆ ಬರೀ ಚೊಂಬು. ಅದು ಕೂಡಿಬಂದ ಮೇಲಷ್ಟೇ ಬೆರಕೆ. ಆಗಾಗ ಚೊಂಬಿಗೆ ಟವೆಲ್ ಮುಚ್ಚಿ ನೆನಪಿನಿಂದ ಬಿಡಿಸಲು ಹೇಳುತ್ತೇನೆ. ಆಮೇಲೆ ಟವೆಲ್ ತೆಗೆದರೆ, ಎಲ್ಲೆಲ್ಲಿ ತಪ್ಪಿದೆಯೆಂದು ಮಗುವೇ ಕೆಂಪು ಪೆನ್ಸಿಲ್ಲಿನಲ್ಲಿ ತಿದ್ದಬೇಕು. ನಾನು ಕೈ ಹಾಕುವುದಿಲ್ಲ. ಹಾಳೆಗಳು ಗಲೀಜಾಗಿರುತ್ತವೆ, ಗೋಡೆಗೆ ಅಂಟಿಸುವಂತಿರುವುದಿಲ್ಲ.

ಡ್ರಾಯಿಂಗ್ ಮೇಷ್ಟ್ರುಗಳಲ್ಲಿ ಒಂದು ವಿನಂತಿ: ಇವತ್ತು ಚೆನ್ನಾಗಿ ಬಂದ ಚಿತ್ರವನ್ನು ಎತ್ತಿಟ್ಟು, ಎರಡು ವಾರ ಬಿಟ್ಟು, ಬೋರ್ಡಿನ ಮೇಲೆ ಏನೂ ಬರೆಯದೆ ಅದನ್ನೇ ಮತ್ತೆ ಬಿಡಿಸಲು ಹೇಳಿ. ಅಂಕ ಆ ಎರಡನೆಯ ಹಾಳೆಗೆ ಕೊಡಿ.