‘ವೆಸ್ಟಲ್’ ಎಂಬ ರಿಪೇರಿಯ ಹಡಗು

ನೌಕಾಯುದ್ಧಗಳ ವೃತ್ತಾಂತಗಳನ್ನು ಓದುವ ಚಪಲ ನನಗೆ ಬಹುಕಾಲದಿಂದ ಇದೆ. ಅವುಗಳಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದುದು ದೊಡ್ಡ ಫಿರಂಗಿಗಳ ಹಡಗಲ್ಲ. ಅಮೆರಿಕೆಯ ನೌಕಾಪಡೆಗೆ ಸೇರಿದ್ದ ‘ವೆಸ್ಟಲ್’ ಎಂಬ ರಿಪೇರಿಯ ಹಡಗು. ಪ್ರಾಚೀನ ರೋಮಿನಲ್ಲಿ ಒಲೆಯ ಅಧಿದೇವತೆಯಾದ ವೆಸ್ಟಾಳ ಗುಡಿಯ ಬೆಂಕಿಯನ್ನು ಆರದಂತೆ ಕಾಯುತ್ತಿದ್ದ ಕನ್ಯೆಯರಿಗೆ ಈ ಹೆಸರಿದ್ದಿತು. ಕುಲುಮೆಯನ್ನು ಹೊತ್ತ ಹಡಗಿಗೆ ಇದು ಒಪ್ಪುವ ಹೆಸರೇ ಸರಿ. ಆದರೆ 1908ರಲ್ಲಿ ನೀರಿಗಿಳಿದಾಗ ಅದು ಬರಿಯ ಕಲ್ಲಿದ್ದಲಿನ ಹಡಗು; 1913ರಲ್ಲಿ ರಿಪೇರಿಯ ಹಡಗಾಗಿ ಮಾರ್ಪಟ್ಟಿತು. ಕಮ್ಮಾರಸಾಲೆ, ಎರಕದ ಮನೆ, ಬಡಗಿಸಾಲೆ, ಯಂತ್ರಶಾಲೆ ಎಲ್ಲವೂ ಒಂದೇ ಸೂರಿನ ಕೆಳಗೆ ಕಡಲಿನ ಮೇಲೆ ತೇಲುತ್ತಿದ್ದುವೆಂದು ವಾಚಕರು ಊಹಿಸಿಕೊಳ್ಳಬೇಕು.

1941ನೆಯ ಡಿಸೆಂಬರ್ 7ನೆಯ ತಾರೀಖು ಬೆಳಿಗ್ಗೆ ಈ ಹಡಗು ಪರ್ಲ್ ಹಾರ್ಬರಿನಲ್ಲಿ ‘ಅರಿಜೋನ’ ಎಂಬ ಯುದ್ಧನೌಕೆಯ ಮಗ್ಗುಲಿಗೆ ಕಟ್ಟಲ್ಪಟ್ಟಿದ್ದಿತು. ಜಪಾನಿನ ವಿಮಾನಗಳು ಎರಗಿದುವು. ಎರಡು ಬಾಂಬುಗಳು ವೆಸ್ಟಲಿಗೇ ತಗುಲಿದುವು. ಅಷ್ಟರಲ್ಲಿ ಅರಿಜೋನದ ಮದ್ದಿನ ಕೋಠಿ ಸಿಡಿಯಿತು. ಆ ಒಂದು ನೌಕೆಯಲ್ಲಿಯೇ 1,177 ಜನರು ಮಡಿದರು. ಸಿಡಿತದ ರಭಸಕ್ಕೆ ವೆಸ್ಟಲಿನ ಕಪ್ತಾನ ಕ್ಯಾಸಿನ್ ಯಂಗ್ ನೀರಿಗೆ ಎಸೆಯಲ್ಪಟ್ಟನು. ಹಡಗನ್ನು ಬಿಟ್ಟು ಹೊರಡಿರೆಂದು ಯಾರೋ ಆಜ್ಞೆಯಿತ್ತಿದ್ದರು. ಯಂಗನಾದರೋ ಎಣ್ಣೆ ತೇಲುತ್ತಿದ್ದ ನೀರಿನಲ್ಲಿ ಈಜಿಬಂದು ಮೇಲೇರಿ, ಆ ಆಜ್ಞೆಯನ್ನು ರದ್ದುಮಾಡಿ, ಎಲ್ಲರನ್ನೂ ಕೆಲಸಕ್ಕೆ ಹಚ್ಚಿದನು.

ಉರಿಯುತ್ತಿದ್ದ ಅರಿಜೋನದಿಂದ ಬಿಡಿಸಿಕೊಳ್ಳಲು ಹಗ್ಗಗಳನ್ನು ಕತ್ತರಿಸಬೇಕಾಗಿದ್ದಿತು. ಆಗ ಅರಿಜೋನದ ಗೋಪುರದ ಮೇಲೆ ಮೈ ಬೆಂದ ಆರು ಮಂದಿ ಸಿಕ್ಕಿಕೊಂಡಿದ್ದರು. ವೆಸ್ಟಲಿನ ನಾವಿಕ ಜೋ ಜಾರ್ಜ್ ಅವರಿಗೆ ಒಂದು ಹಗ್ಗವನ್ನು ಎಸೆದನು. ಅದನ್ನು ಕತ್ತರಿಸೆಂದು ಆಜ್ಞೆ ಬಂದರೂ ಅವನು ಕತ್ತರಿಸಲಿಲ್ಲ. ಬೆಂದ ಕೈಗಳಿಂದಲೇ ಹಗ್ಗ ಹಿಡಿದು ಆರು ಮಂದಿಯೂ ದಾಟಿಬಂದರು. ಮೇಲಧಿಕಾರಿಯ ಮಾತನ್ನು ಮೀರಿದುದು ಸರಿಯೇ ಎಂದು ಕೇಳುವವರು ಆ ಆರು ಮನೆಗಳಲ್ಲಿ ಕೇಳಲಿ! ಇದಕ್ಕಾಗಿ ಜಾರ್ಜನಿಗೆ ಶೌರ್ಯಪದಕ ಬಂದುದು 2017ರಲ್ಲಿ. ಅವನು ತೀರಿಹೋಗಿ ಆಗಲೇ 21 ವರ್ಷಗಳಾಗಿದ್ದುವು.

ನೀರು ತುಂಬಿ ವಾಲುತ್ತಿದ್ದ ಹಡಗನ್ನು ಯಂಗ್ ಐಯೇಯ ಬಳಿಯ ತೆಳುನೀರಿಗೆ ಒಯ್ದು ನೆಲಕ್ಕೆ ತಾಗಿಸಿ, ಮುಳುಗದಂತೆ ಉಳಿಸಿದನು. ಅವನಿಗೆ ಅಮೆರಿಕೆಯ ಅತ್ಯುನ್ನತ ಪದಕ ದೊರೆಯಿತು. ಮರುವರ್ಷದ ನವೆಂಬರಿನಲ್ಲಿ ಗ್ವಾಡಲ್‌ಕನಾಲಿನ ಕದನದಲ್ಲಿ, ‘ಸ್ಯಾನ್ ಫ್ರಾನ್ಸಿಸ್ಕೊ’ ಎಂಬ ಮತ್ತೊಂದು ಹಡಗಿನ ಕಪ್ತಾನನಾಗಿದ್ದಾಗ ಮಡಿದನು.

ವೆಸ್ಟಲಿನ ಕೆಲಸಗಾರರು ತಮ್ಮ ಹಡಗನ್ನು ತಾವೇ ದುರಸ್ತಿಮಾಡಿಕೊಂಡರು. 1942ರ ಆಗಸ್ಟಿನಲ್ಲಿ ದಕ್ಷಿಣ ಪೆಸಿಫಿಕ್ಕಿಗೆ ಹೊರಟು, ಟೋಂಗಾ ದ್ವೀಪದಲ್ಲಿ 60 ದಿನಗಳಲ್ಲಿ 58 ಹಡಗುಗಳನ್ನು ಸರಿಪಡಿಸಿದರು. ಗಾಯಗೊಂಡ ಹಡಗು ಸಾವಿರಾರು ಮೈಲಿ ಹಿಂದಿರುಗಿದರೆ ತಿಂಗಳುಗಳೇ ಕಳೆಯುವುವು. ಅಷ್ಟರಲ್ಲಿ ಶತ್ರುವು ಸುಮ್ಮನಿರುವನೇ? ಆದುದರಿಂದ ತೂತಿಗೆ ತಗಡು ಬೆಸೆದು, ಒಡೆದ ಗೋಡೆಗೆ ಮರದ ಊರೆಗಳನ್ನು ಕೊಟ್ಟು, ಇದ್ದಲ್ಲಿಯೇ ಸಜ್ಜುಮಾಡುವುದು ಅವರ ಪದ್ಧತಿ. ನೂಮಿಯದಲ್ಲಿ ‘ಎಂಟರ್‌ಪ್ರೈಸ್’ ಎಂಬ ವಿಮಾನವಾಹಕವನ್ನು ರಿಪೇರಿಮಾಡುತ್ತಿರುವಾಗಲೇ ಯುದ್ಧದ ಕರೆ ಬಂದಿತು. ಅದು ನವೆಂಬರ್ 11ರಂದು ವೆಸ್ಟಲಿನ ಕೆಲಸಗಾರರನ್ನು ಹೊತ್ತುಕೊಂಡೇ ಹೊರಟಿತು. ಬೆಸುಗೆಯ ಕೆಲಸ ದಾರಿಯಲ್ಲಿ ಸಾಗಿತು.

ಬಳಿಕ ಎಸ್ಪಿರಿಟು ಸ್ಯಾಂಟೊ ದ್ವೀಪದಲ್ಲಿ ಒಂದು ವರ್ಷ. 279 ಹಡಗುಗಳು, 5,603 ಕೆಲಸಗಳು. ಲೆಕ್ಕವಿಟ್ಟ ಗುಮಾಸ್ತನನ್ನೂ ಮೆಚ್ಚಬೇಕು. 1945ರಲ್ಲಿ ಓಕಿನಾವದ ಹತ್ತಿರ, ಆತ್ಮಾಹುತಿಯ ವಿಮಾನಗಳು ಬಡಿದ ಹಡಗುಗಳಿಗೆ ಆರೈಕೆ ನಡೆಯಿತು. 1946ರಲ್ಲಿ ಸೇವೆಯಿಂದ ನಿವೃತ್ತಿಯಾಯಿತು. 1950ರಲ್ಲಿ ಗುಜರಿಗೆ ಮಾರಾಟವಾಯಿತು.