ತೊಟ್ಟಿ ಯಾರದು?

ಗುಂಡ್ಲುಪೇಟೆಯ ಸೀಮೆಯವರಾದ ನಮಗೆ ಹಿಮವದ್ ಗೋಪಾಲಸ್ವಾಮಿ ಬೆಟ್ಟವೆಂದರೆ ಮನೆಯ ಹಿತ್ತಿಲಿದ್ದಂತೆ. ಊಟಿಯ ದಾರಿಯಲ್ಲಿ ಹಂಗಳದ ಬಳಿ ಬಲಕ್ಕೆ ತಿರುಗಿ, ಚೆಂಡುಹೂವಿನ ಹೊಲಗಳನ್ನು ದಾಟಿ ಹೋದರೆ ಬೆಟ್ಟದ ಬುಡ. ಸ್ವಂತ ವಾಹನಗಳನ್ನು ಅಲ್ಲಿಯೇ ನಿಲ್ಲಿಸಿ ಸರ್ಕಾರಿ ಬಸ್ಸನ್ನು ಹತ್ತತಕ್ಕದ್ದು ಈಗಿನ ನಿಯಮ. ಏಕೆಂದರೆ ಮೇಲಿನದೆಲ್ಲ ಬಂಡೀಪುರದ ಅರಣ್ಯ, ಆನೆಗಳ ಸಾಮ್ರಾಜ್ಯ. ಸಮುದ್ರಮಟ್ಟಕ್ಕೆ 1454 ಮೀಟರ್ ಎತ್ತರದ ಆ ಶಿಖರದಲ್ಲಿ ವೇಣುಗೋಪಾಲನ ಗುಡಿ. ಗುಡಿಯ ಸುತ್ತ ಮಂಜು. ಕೆಳಗಿನ ಬಯಲಿನ ತೇವವನ್ನು ಹೊತ್ತ ಗಾಳಿ ಮೇಲೇರಿ ತಂಪಾಗಿ ಮಂಜಾಗುವುದೆಂದು ಭೂಗೋಳದ ಪಾಠದಲ್ಲಿ ಓದಿದ್ದರೂ, ಆ ಮಂಜಿನೊಳಗೆ ನಿಂತಾಗ ಪಾಠ ಮರೆತು ಕೈ ತಾನಾಗಿ ಮುಗಿಯುವುದು.

ಇಂತಹ ಬೆಟ್ಟಕ್ಕೂ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಯಂತ್ರಶಾಲೆಗೂ ಸಂಬಂಧವೇನೆಂದು ವಾಚಕರು ಕೇಳಬಹುದು. ಸಂಬಂಧವುಂಟು. ಅದನ್ನು ಹೇಳಬೇಕಾದರೆ ನಮ್ಮ ತಪ್ಪೊಂದನ್ನು ಮೊದಲು ಒಪ್ಪಿಕೊಳ್ಳಬೇಕು.

ನಾವು ಮೂವತ್ತಕ್ಕೂ ಹೆಚ್ಚು ವರ್ಷ ಸಂಸ್ಕೃತದ ಉಪಾಧ್ಯಾಯರಾಗಿದ್ದು ನಿವೃತ್ತರಾದವರು. ನಮ್ಮ ತಂಗಿಯ ಮಗನೂ ನಮ್ಮ ಬಳಿಯೇ ಓದಿದನು. ಹುಡುಗನಿಗೆ ಶಬ್ದರೂಪಗಳು ನಾಲಗೆಗೆ ಹತ್ತಲೊಲ್ಲವು. ಆದರೆ ಮುರಿದ ಸೈಕಲ್ಲು, ನಿಂತ ಗಡಿಯಾರ, ಕೆಟ್ಟ ಪಂಪು ಇವು ಅವನ ಕೈ ಸೋಕಿದರೆ ಸಾಕು, ಜೀವ ತಳೆಯುತ್ತಿದ್ದುವು. ಒಂದು ದಿನ ತರಗತಿಯಲ್ಲಿ ಎಲ್ಲರೆದುರು, "ನಿನಗೆ ಕಬ್ಬಿಣ ಬಡಿಯುವುದೇ ಗತಿ," ಎಂದುಬಿಟ್ಟೆವು. ಹುಡುಗರು ನಕ್ಕರು. ಅವನು ತಲೆ ತಗ್ಗಿಸಿದನು. ನಾವು ಮಾರನೆಯ ದಿನವೇ ಅದನ್ನು ಮರೆತೆವು.

ಅವನು ಐ.ಟಿ.ಐ. ಮುಗಿಸಿ, ಹತ್ತಾರು ವರ್ಷ ಬೇರೆಯವರಲ್ಲಿ ದುಡಿದು, ಕೊನೆಗೆ ಬಾಡಿಗೆಯ ಕೊಟ್ಟಿಗೆಯೊಂದರಲ್ಲಿ ಸಾಲ ಮಾಡಿ ಎರಡು ಸಿ.ಎನ್.ಸಿ. ಯಂತ್ರಗಳನ್ನು ನಿಲ್ಲಿಸಿದನು. ಬ್ಯಾಂಕಿನವರು ಆಧಾರ ಕೇಳಿದಾಗ ತಂಗಿ ನಮ್ಮ ಮುಖ ನೋಡಿದಳು. ಗುಂಡ್ಲುಪೇಟೆಯ ನಮ್ಮ ಮನೆಯ ಪತ್ರಗಳನ್ನು ಕೊಟ್ಟೆವು. ಹೀಗೆ ಕಬ್ಬಿಣದ ಗತಿಯೊಡನೆ ನಮ್ಮ ಗತಿಯೂ ಗಂಟುಬಿದ್ದಿತು. ಹೋದ ಆಷಾಢದಲ್ಲಿ, "ಅಣ್ಣಾ, ಇವನು ರಾತ್ರಿ ನಿದ್ದೆ ಮಾಡುತ್ತಿಲ್ಲ, ಬಂದು ಒಂದಷ್ಟು ದಿನ ಇರು," ಎಂದು ತಂಗಿ ಹೇಳಿಕಳುಹಿಸಿದಳು. ಹೋದೆವು. ಮನೆಯಲ್ಲಿ ಕುಳಿತು ಬೇಸರವಾದುದರಿಂದ ದಿನವೂ ಯಂತ್ರಶಾಲೆಗೂ ಹೋಗತೊಡಗಿದೆವು.

ಈ ಯಂತ್ರವನ್ನು ಕಾಣದ ಗೃಹಸ್ಥರಿಗಾಗಿ ಎರಡು ಮಾತು. ಹಳೆಯ ಲೇತಿನಲ್ಲಿ ಕೆಲಸಗಾರನು ಹಿಡಿಕೆಯನ್ನು ತಿರುಗಿಸಿ ಉಳಿಯನ್ನು ನಡೆಸುತ್ತಿದ್ದನು. ನಮ್ಮ ನಾಡಿನಲ್ಲಿ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ 1941ರಲ್ಲಿಯೂ, ಬೆಂಗಳೂರಿನ ಹೆಚ್.ಎಂ.ಟಿ. 1953ರಲ್ಲಿಯೂ ಹುಟ್ಟಿ, ಇಂತಹ ಲೇತುಗಳನ್ನು ದೇಶಕ್ಕೆಲ್ಲ ಒದಗಿಸಿದುವು. ಅತ್ತ ಅಮೆರಿಕೆಯ ಎಂ.ಐ.ಟಿ. ವಿದ್ಯಾಲಯದಲ್ಲಿ 1952ರಲ್ಲಿ, ಸಂಖ್ಯೆಗಳ ಆಜ್ಞೆಯಿಂದಲೇ ನಡೆಯುವ ಯಂತ್ರವನ್ನು ಮೊದಲು ತೋರಿಸಿದರು. ಹಿಡಿಕೆಯ ಸ್ಥಾನಕ್ಕೆ ಸಂಖ್ಯೆ ಬಂದಿತು. ಮುಂದೆ ಸಂಖ್ಯೆಗಳನ್ನು ಓದಿ ನಡೆಸಲು ಗಣಕ ಬಂದಿತು. ಸಂಖ್ಯೆಗಳ ಆ ಪಟ್ಟಿಗೆ ಪ್ರೋಗ್ರಾಂ ಎಂದು ಹೆಸರು. ಅದರಲ್ಲಿ ಜಿ01 ಎಂದರೆ ಹೇಳಿದ ವೇಗದಲ್ಲಿ ನೇರವಾಗಿ ನಡೆ. ಎಂ08 ಎಂದರೆ ತಂಪಿನ ನೀರನ್ನು ಬಿಡು. ಎಂ30 ಎಂದರೆ ಮುಗಿಯಿತು. ಅಕ್ಷರವೊಂದು, ಅಂಕವೆರಡು, ಅರ್ಥವೊಂದು ವಾಕ್ಯದಷ್ಟು. ಸೂತ್ರಗಳನ್ನು ಬಾಯಿಪಾಠ ಮಾಡಿಸಿದ ನಮಗೆ ಇದು ಅಪರಿಚಿತವೆನಿಸಲಿಲ್ಲ.

ಇನ್ನೂ ಪರಿಚಿತವಾಗಿ ಕಂಡದ್ದು 'ಸೆಟಿಂಗ್' ಎಂಬ ಕ್ರಿಯೆ. ಯಂತ್ರಕ್ಕೆ ನಡೆಯಲು ಬರುತ್ತದೆಯೇ ಹೊರತು ತಾನು ಕಡೆಯಬೇಕಾದ ವಸ್ತು ಎಲ್ಲಿ ಕುಳಿತಿದೆಯೆಂಬುದು ತಿಳಿಯದು. ಕೆಲಸಗಾರನು ಚಕ್ಕಿನ ದವಡೆಗಳನ್ನು ಒರೆಸಿ, ವಸ್ತುವನ್ನು ಹಿಡಿಸಿ, ಡಯಲ್ ಮುಟ್ಟಿಸಿ ಅದು ಓಲಾಡದೆ ತಿರುಗುವುದೆ ಎಂದು ನೋಡುವನು. ದವಡೆಯ ಸಂದಿನಲ್ಲಿ ಕೂದಲೆಳೆಯಷ್ಟು ಸಿಪ್ಪೆ ಉಳಿದರೂ ವಸ್ತು ಓರೆ. ಆಮೇಲೆ ವಸ್ತುವಿನ ಮುಖಕ್ಕೆ ಉಳಿಯನ್ನು ಸೋಕಿಸಿ, 'ಇದೇ ಸೊನ್ನೆ' ಎಂದು ಯಂತ್ರಕ್ಕೆ ತಿಳಿಸುವನು. ಪ್ರತಿ ಉಳಿಯ ಚಾಚು ಎಷ್ಟೆಂಬುದನ್ನೂ ಬೇರೆಬೇರೆಯಾಗಿ ಬರೆಯಿಸುವನು. ನಾವು ಪೂಜೆಗೆ ಕುಳಿತಾಗ ಸಂಕಲ್ಪ ಮಾಡುವುದಿಲ್ಲವೆ? ಯಾವ ದ್ವೀಪ, ಯಾವ ದೇಶ, ಯಾವ ತಿಥಿ ಎಂದು ನಿಂತ ನೆಲವನ್ನು ಹೇಳಿಕೊಂಡಲ್ಲದೆ ಕರ್ಮಕ್ಕೆ ತೊಡಗುವಂತಿಲ್ಲ. ಯಂತ್ರದ ಸೊನ್ನೆಯೂ ಅಂತಹ ಸಂಕಲ್ಪವೇ ಎಂದು ಸೋದರಳಿಯನಿಗೆ ಹೇಳಿದಾಗ, "ಮಾವ, ನಿಮ್ಮ ಸಂಕಲ್ಪ ತಪ್ಪಿದರೆ ದೇವರು ಕ್ಷಮಿಸುತ್ತಾನೆ, ಇಲ್ಲಿ ತಪ್ಪಿದರೆ ಉಳಿ ಹೋಗಿ ಚಕ್ಕಿಗೆ ಬಡಿಯುತ್ತದೆ," ಎಂದನು. ಅದಕ್ಕಾಗಿಯೇ ಮೊದಲು ವಸ್ತುವಿಲ್ಲದೆ ಗಾಳಿಯಲ್ಲಿ ಓಡಿಸಿ ನೋಡುವುದು, ಬಳಿಕ ಒಂದೊಂದೇ ಸಾಲಾಗಿ, ಕೈಯನ್ನು ನಿಲುಗಡೆಯ ಗುಂಡಿಯ ಮೇಲಿಟ್ಟು ನಡೆಸುವುದು. ಒಮ್ಮೆ ಹಾಗೆ ನೋಡುತ್ತಿರುವಾಗಲೇ, ಹಿಂದಿನ ಉಳಿಯ ಅಳತೆ ಹಾಗೆಯೇ ಉಳಿದಿದ್ದುದು ಕಂಡುಬಂದು ಒಂದು ಅನಾಹುತ ತಪ್ಪಿತು.

ಇಷ್ಟು ಜಾಗರೂಕತೆಯಿದ್ದ ಮನೆಯಲ್ಲಿ ನಿದ್ದೆಗೇಡು ಏತಕ್ಕೆ? ಕಾರಣವಿಷ್ಟೆ. ಅಲ್ಯುಮಿನಿಯಂ ಉಂಗುರಗಳು, ಹೊರವ್ಯಾಸ 60 ಮಿಲಿಮೀಟರು, ಹೆಚ್ಚುಕಡಿಮೆ 10 ಮೈಕ್ರಾನಿಗೆ ಮಾತ್ರ ಅವಕಾಶ. ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಇನ್ನೂರು ಉಂಗುರಗಳನ್ನು ಅಳೆದು ಸರಿಯಿದೆಯೆಂದು ಕಳುಹಿಸಿದ್ದರು. ಮುಕ್ಕಾಲು ಪಾಲು ಸಣ್ಣವೆಂದು ಹಿಂದಿರುಗಿ ಬಂದುವು. ಮತ್ತೊಮ್ಮೆ ಹೀಗಾದರೆ ಕೆಲಸವೇ ಇಲ್ಲವೆಂಬ ಪತ್ರವೂ ಜೊತೆಗೆ ಬಂದಿತು. ಕೆಲಸವಿಲ್ಲವೆಂದರೆ ಕಂತಿಲ್ಲ, ಕಂತಿಲ್ಲವೆಂದರೆ ಮನೆಯ ಪತ್ರಗಳ ಕಥೆಯೇನು? ಈ ಪ್ರಶ್ನೆಯನ್ನು ಅವನೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಊಟದ ಎಲೆಯ ಮುಂದೆ ಇಬ್ಬರೂ ಮೌನವಾಗಿದ್ದೆವು.

ಉಂಗುರಗಳು ತಯಾರಾದ ಕ್ರಮದಲ್ಲಿ ತಟ್ಟೆಗಳಿಗೆ ಸಂಖ್ಯೆ ಹಾಕಿದ್ದರು. ಉತ್ತರಪತ್ರಿಕೆಗಳನ್ನು ನೋಂದಣಿಯ ಸಂಖ್ಯೆಯಂತೆ ಜೋಡಿಸದೆ ತಿದ್ದಲು ಕೂಡದ ನಮ್ಮ ಹಳೆಯ ಚಾಳಿಯಿಂದ ಆ ತಟ್ಟೆಗಳನ್ನೂ ಸಾಲಾಗಿ ಜೋಡಿಸಿದೆವು. ನಮಗೆ ಬೇರೇನೂ ತಿಳಿಯದು. ಆದರೆ ಸೋದರಳಿಯನು ಬಂದು ನೋಡಿ ನಿಂತುಬಿಟ್ಟನು. ಬೆಳಗಿನ ತಟ್ಟೆಗಳು ಸರಿ. ಹೊತ್ತು ಏರಿದಂತೆ ತಪ್ಪೂ ಏರಿತ್ತು. "ಮಾವ, ಇದು ಶಾಖ!" ಎಂದನು.

ಶಾಖವೆಂಬುದನ್ನು ಅವನು ಸ್ಲೇಟಿನ ಮೇಲೆ ಲೆಕ್ಕ ಮಾಡಿ ತೋರಿಸಿದನು. ಒಂದು ಮೀಟರ್ ಉದ್ದದ ಅಲ್ಯುಮಿನಿಯಂ ಒಂದು ಡಿಗ್ರಿ ಸೆಲ್ಸಿಯಸ್ ಕಾದರೆ ಸುಮಾರು 23 ಮೈಕ್ರಾನ್ ಹಿಗ್ಗುವುದು. ಉಕ್ಕಾದರೆ ಅದರ ಅರ್ಧದಷ್ಟು. ಜಗತ್ತಿನಲ್ಲೆಲ್ಲ ಇಂತಹ ಅಳತೆಗಳಿಗೆ ಒಪ್ಪಿದ ಉಷ್ಣತೆ 20 ಡಿಗ್ರಿ. ಮಧ್ಯಾಹ್ನ ಯಂತ್ರದಿಂದ ಇಳಿದ ಉಂಗುರ 40 ಡಿಗ್ರಿಯಷ್ಟು ಬಿಸಿಯಾಗಿದ್ದರೆ, ಅದರ 60 ಮಿಲಿಮೀಟರು 27 ಮೈಕ್ರಾನಿಗೂ ಹೆಚ್ಚು ಹಿಗ್ಗಿರುವುದು. ಹಿಗ್ಗಿದುದು ದೊಡ್ಡದಾಗಿ ಕಂಡಿತೆಂದು ಕೆಲಸಗಾರನು ಪ್ರಾಮಾಣಿಕನಾಗಿಯೇ ಅಳತೆಯನ್ನು ಇಳಿಸುತ್ತ ಹೋದನು. ತಣಿದ ಮೇಲೆ ಅದು ಸಣ್ಣದಾಯಿತು. ಅಳತೆಯೂ ಸುಳ್ಳಲ್ಲ, ಅಳೆದವನೂ ಸುಳ್ಳನಲ್ಲ. ಅಳೆದ ಹೊತ್ತು ತಪ್ಪು.

ಶಾಖವನ್ನು ಒಯ್ಯಬೇಕಾದುದು ತಂಪಿನ ನೀರು, ಕೂಲೆಂಟ್. ಉಳಿಯ ಮೇಲೆ ನೀರಿನ ಧಾರೆ ಬಿಟ್ಟರೆ ಕಡೆಯುವ ವೇಗವನ್ನು ನೂರಕ್ಕೆ ಮೂವತ್ತು ನಲವತ್ತರಷ್ಟು ಏರಿಸಬಹುದೆಂದು ಅಮೆರಿಕೆಯ ಟೇಲರನು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿಯೇ ಕಂಡುಕೊಂಡಿದ್ದನು. ಬರಿಯ ನೀರು ತುಕ್ಕು ಹಿಡಿಸುವುದರಿಂದ ಈಗ ಅದಕ್ಕೆ ನೂರಕ್ಕೆ ಐದರಿಂದ ಹತ್ತು ಪಾಲು ವಿಶೇಷವಾದ ಎಣ್ಣೆಯನ್ನು ಕಲಸುತ್ತಾರೆ. ನೋಡಲು ನೀರು ಮಜ್ಜಿಗೆಯಂತೆ. ನೀರು ತಣಿಸುವುದು, ಎಣ್ಣೆ ಜಾರಿಸುವುದು, ಧಾರೆ ಸಿಪ್ಪೆಯನ್ನು ತೊಳೆದೊಯ್ಯುವುದು.

ಯಂತ್ರದ ತೊಟ್ಟಿಯ ಮುಚ್ಚಳ ತೆಗೆಸಿದೆವು. ಕೊಳೆತ ಮೊಟ್ಟೆಯ ನಾತ! ಮಟ್ಟ ಇಳಿದಿತ್ತು, ಜರಡಿಗೆ ಸಿಪ್ಪೆ ಕಟ್ಟಿತ್ತು, ಧಾರೆ ಬಡಕಲಾಗಿತ್ತು. ಯಂತ್ರದ ಕೀಲುಗಳಿಂದ ಸೋರಿದ ಬೇರೆ ಎಣ್ಣೆ ಮೇಲೆ ಕೆನೆಯಂತೆ ಹರಡಿ ಗಾಳಿಯನ್ನು ತಡೆದಿತ್ತು. ಗಾಳಿಯಿಲ್ಲದೆಡೆ ಬೆಳೆಯುವ ಸೂಕ್ಷ್ಮಜೀವಿಗಳು ಹಬ್ಬದ ರಜೆಯಲ್ಲಿ ಯಂತ್ರ ನಿಂತಾಗ ಚೆನ್ನಾಗಿ ಹೆಚ್ಚಿದ್ದುವು. ಆವಿಯಾದ ನೀರಿನ ಬದಲಿಗೆ ಕೊಳವೆಬಾವಿಯ ಗಡಸುನೀರನ್ನೇ ಸುರಿಯುತ್ತ ಬಂದಿದ್ದರು. ನೀರು ಆವಿಯಾಗಿ ಹೋಗುವುದು, ಸುಣ್ಣದ ಅಂಶ ಹಿಂದೆ ಉಳಿಯುವುದು. ಅದು ಹೆಚ್ಚಿದಂತೆ ಎಣ್ಣೆ ನೀರನ್ನು ಬಿಟ್ಟು ಒಡೆಯುವುದು, ಹುಳಿ ಬಿದ್ದ ಹಾಲಿನಂತೆ. ಎಣ್ಣೆಯ ಪ್ರಮಾಣ ನೂರಕ್ಕೆ ಮೂರಕ್ಕೆ ಇಳಿದಿತ್ತು. ಯಂತ್ರದ ಬಳಿಯ ಹುಡುಗನೊಬ್ಬನ ಮುಂಗೈಯಲ್ಲಿ ಕೆಂಪು ಗುಳ್ಳೆಗಳೆದ್ದಿದ್ದುವು. ಅವನು ತೋಳಿನ ಅಂಗಿಯನ್ನು ಇಳಿಯಬಿಟ್ಟು ಮುಚ್ಚಿಕೊಂಡಿದ್ದನು. ಕೇಳಿದರೆ, "ಏನಿಲ್ಲ ಮೇಷ್ಟ್ರೇ, ಕೆಲಸ ಹೋದೀತೆಂದು ಹೇಳಲಿಲ್ಲ," ಎಂದನು. ಇನ್ನೂರು ಉಂಗುರಗಳಿಗಿಂತ ಆ ಮಾತು ನಮ್ಮನ್ನು ಹೆಚ್ಚು ನೋಯಿಸಿತು.

"ಈ ತೊಟ್ಟಿ ಯಾರದು?" ಎಂದು ಕೇಳಿದೆವು. ಯಾರೂ ಉತ್ತರ ಕೊಡಲಿಲ್ಲ. ಸೆಟಿಂಗಿಗೆ ಒಬ್ಬನಿದ್ದನು, ಪ್ರೋಗ್ರಾಮಿಗೆ ಒಬ್ಬನಿದ್ದನು, ಅಳತೆಗೆ ಒಬ್ಬನಿದ್ದನು. ತೊಟ್ಟಿ ಎಲ್ಲರದು, ಆದ್ದರಿಂದ ಯಾರದೂ ಅಲ್ಲ. ಶಾಲೆಯ ಕುಡಿಯುವ ನೀರಿನ ಗುಡಾಣ ಹಾಗೆಯೇ ಇರುತ್ತಿತ್ತೆಂಬುದು ನೆನಪಾಯಿತು.

ಆ ಸಂಜೆ ಕೆಲಸಗಾರನೊಬ್ಬನು, ಕೆಟ್ಟ ನೀರನ್ನು ರಾತ್ರಿ ಮೋರಿಗೆ ಬಿಟ್ಟರೆ ಖರ್ಚಿಲ್ಲವೆಂದು ಮೆಲ್ಲನೆ ಸೂಚಿಸಿದನು. ಸೋದರಳಿಯನು ಒಂದು ಕ್ಷಣ ನಮ್ಮತ್ತ ನೋಡಿದನು. ನಾವು ಏನೂ ಹೇಳಲಿಲ್ಲ. ಮನೆಯ ಪತ್ರಗಳ ನೆನಪು ನಮಗೂ ಇತ್ತು. ಅವನೇ, "ಬೇಡ, ಆ ಮೋರಿ ಹೋಗಿ ಸೇರುವ ಕೆರೆಯ ನೀರನ್ನು ಯಾರೋ ದನಕ್ಕೆ ಕುಡಿಸುತ್ತಾರೆ," ಎಂದು, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಯುಳ್ಳವರಿಗೆ ಪೀಪಾಯಿಗಳಲ್ಲಿ ತುಂಬಿ ಕೊಡಿಸಿದನು. ಶಬ್ದರೂಪಗಳಲ್ಲಿ ಅವನಿಗೆ ನಾವು ಕೊಟ್ಟಿದ್ದ ಅಂಕಗಳ ನೆನಪಾಗಿ ನಾಚಿಕೆಯಾಯಿತು.

ಶ್ರಾವಣದ ಶನಿವಾರ ಅವನನ್ನು ಕರೆದುಕೊಂಡು ಬೆಟ್ಟಕ್ಕೆ ಹೋದೆವು. ಜನಸಂದಣಿ ಹೇಳತೀರದು. ಗುಡಿಯ ಹಿಂದೆ, ಹುಲ್ಲಿನ ಇಳಿಜಾರಿನ ಕಡೆ ಸ್ವಲ್ಪ ಹೊತ್ತು ನಿಂತೆವು. ಮಂಜು ಬಂದು ಬಂಡೆಗಳ ಮೇಲೆ ಕುಳಿತು ಹನಿಯಾಗುತ್ತಿತ್ತು. ಅವನು ಬಂಡೆಯನ್ನು ಮುಟ್ಟಿ, "ಇಲ್ಲಿ ಪಂಪೂ ಇಲ್ಲ, ಜರಡಿಯೂ ಇಲ್ಲ. ಗಡಸುತನವೂ ಇರದ ನೀರು, ಮಾವ," ಎಂದು ನಕ್ಕನು. ಆಮೇಲೆ ನಗು ನಿಲ್ಲಿಸಿ, ಎಲ್ಲಿಯೋ ನೋಡುತ್ತ, "ಕಬ್ಬಿಣ ಬಡಿಯುವುದೇ ಗತಿ ಎಂದಿದ್ದಿರಿ. ಆ ಉಂಗುರಗಳು ಹಿಂದಕ್ಕೆ ಬಂದ ದಿನ ಅದೇ ಮಾತು ಕಿವಿಯಲ್ಲಿತ್ತು," ಎಂದನು.

ಇಪ್ಪತ್ತು ವರ್ಷ ಅವನು ಅದನ್ನು ಹೊತ್ತಿದ್ದನು! ಹ್ರಸ್ವಕ್ಕೆ ದೀರ್ಘ ಬರೆದರೆ ಅಂಕ ಕಡಿಯುತ್ತಿದ್ದ ನಾವು, ಒಬ್ಬ ಹುಡುಗನ ಮೇಲೆ ಆಡಿದ ಮಾತನ್ನು ತೂಗಿ ನೋಡಿರಲಿಲ್ಲ. ನಾವೂ ಬಿಸಿಯಲ್ಲಿಯೇ ಅಳೆದವರು. "ಆಗ ಹೇಳಿದುದು ತಪ್ಪು, ಮಗು," ಎಂದೆವು. ಅಷ್ಟು ಹೇಳಲು ಗಂಟಲು ಕಟ್ಟಿತು. ಅವನು ಉತ್ತರ ಕೊಡಲಿಲ್ಲ. ಇಳಿಯುವಾಗ ಮೆಟ್ಟಿಲು ಒದ್ದೆಯಾಗಿದ್ದುದರಿಂದ ನಮ್ಮ ತೋಳು ಹಿಡಿದುಕೊಂಡು ಬಂದನು.

ಈಗ ತೊಟ್ಟಿ ಯಾರದೆಂಬ ಪ್ರಶ್ನೆಯಿಲ್ಲ. ನಾವು ಊರಿಗೆ ಮರಳುವುದನ್ನು ಮುಂದಕ್ಕೆ ಹಾಕಿ, ಒಂದು ಪುಸ್ತಕಕ್ಕೆ ಗೆರೆ ಎಳೆದುಕೊಂಡೆವು. ಬೆಳಿಗ್ಗೆ ಎಂಟಕ್ಕೆ ತೊಟ್ಟಿಯ ಮಟ್ಟ ನೋಡುತ್ತೇವೆ. ರಿಫ್ರಾಕ್ಟೋಮೀಟರೆಂಬ ಸಣ್ಣ ದುರ್ಬೀನಿನಂತಹ ಉಪಕರಣದ ಗಾಜಿಗೆ ಒಂದು ಹನಿ ಹಾಕಿ, ಬೆಳಕಿಗೆ ಹಿಡಿದು ಅಂಕ ಓದಿ, ಎಣ್ಣೆಯ ತಯಾರಕರು ಹೇಳಿದ ಗುಣಕದಿಂದ ಗುಣಿಸಿ ಪ್ರಮಾಣವನ್ನು ಬರೆಯುತ್ತೇವೆ. ಪಿ.ಹೆಚ್. ಕಾಗದವನ್ನು ಅದ್ದಿ ನೋಡುತ್ತೇವೆ. ಒಂಬತ್ತರ ಆಸುಪಾಸಿನಲ್ಲಿದ್ದರೆ ಕ್ಷೇಮ, ಇಳಿಯುತ್ತ ಬಂದರೆ ಕೊಳೆಯುವ ಸೂಚನೆ. ಮೇಲಿನ ಕೆನೆಯನ್ನು ತೆಗೆಸುತ್ತೇವೆ. ಹೊಸದಾಗಿ ಬೆರೆಸುವಾಗ ಶುದ್ಧೀಕರಿಸಿದ ನೀರು ಮೊದಲು, ಎಣ್ಣೆ ಆಮೇಲೆ, ಕಲಕುತ್ತ ಕಲಕುತ್ತ. ಎಣ್ಣೆಗೆ ನೀರು ಹೊಯ್ದರೆ ಗಂಟುಗಟ್ಟುವುದು. ಮೇಲೆ ತುಂಬಿಸಲು ಬರಿಯ ನೀರಲ್ಲ, ತೆಳುವಾಗಿ ಬೆರೆಸಿದುದು. ಉಂಗುರಗಳನ್ನು ತಣಿಸಿಯೇ ಅಳೆಯುತ್ತಾರೆ. ಆ ಹುಡುಗನನ್ನು ವೈದ್ಯರಿಗೆ ತೋರಿಸಿ, ಗುಳ್ಳೆ ಮಾಯುವವರೆಗೆ ಸಂಬಳ ಕಡಿಯದೆ ಬೇರೆ ಕೆಲಸ ಕೊಟ್ಟರು. ಕೂಲೆಂಟಿನಲ್ಲಿ ಕೈ ತೊಳೆಯುವ ಅಭ್ಯಾಸವನ್ನು ಎಲ್ಲರಿಗೂ ಬಿಡಿಸಿದರು.

ಎರಡನೆಯ ಸಲ ಕಳುಹಿಸಿದ ಉಂಗುರಗಳು ಹಿಂದಿರುಗಲಿಲ್ಲ. ಮೊದಲಿನವುಗಳ ನಷ್ಟ ನಷ್ಟವೇ. ಸಾಲ ತೀರಲು ಇನ್ನೂ ವರ್ಷಗಳಿವೆ. ಮನೆಯ ಪತ್ರಗಳು ಬ್ಯಾಂಕಿನಲ್ಲಿಯೇ ಇವೆ. ಆದರೂ ತಂಗಿ ಹೇಳುವಂತೆ, ಹುಡುಗನು ಈಗ ರಾತ್ರಿ ಮಲಗುತ್ತಾನೆ.

ಮನೆಮನೆಯಲ್ಲಿಯೂ ಇಂತಹ ತೊಟ್ಟಿಯೊಂದು ಇದ್ದೇ ಇರುವುದು: ಎಲ್ಲರೂ ಬಳಸುವುದು, ಯಾರೂ ಮುಚ್ಚಳ ತೆಗೆದು ನೋಡದಿರುವುದು. ವಾಚಕರು ತಮ್ಮ ಮನೆಯದನ್ನು ತಾವೇ ಬಲ್ಲರು. ಮೊನ್ನೆ ನಮ್ಮ ಪುಸ್ತಕವನ್ನು ತಿರುವುತ್ತಿದ್ದ ಸೋದರಳಿಯನು ಒಂದು ಕಡೆ ಬೆರಳಿಟ್ಟು, "ಮಾವ, ಇಲ್ಲಿ ಬುಧವಾರದ ಅಂಕ ಬಿಟ್ಟುಹೋಗಿದೆ," ಎಂದನು. ನೋಡಿದೆವು. ನಿಜ, ಬಿಟ್ಟುಹೋಗಿತ್ತು. ಅವನು ನಗಲಿಲ್ಲ, ಯಾರನ್ನೂ ಕರೆಯಲಿಲ್ಲ. ಪೆನ್ಸಿಲನ್ನು ನಮ್ಮ ಕೈಗೆ ಕೊಟ್ಟು ತನ್ನ ಯಂತ್ರದ ಕಡೆಗೆ ನಡೆದನು.