ತಾಳೆಯಾಗದ ಲೆಕ್ಕ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರ ಕಾಲದಲ್ಲಿ ಕಂಪ್ಯೂಟರು ಇರಲಿಲ್ಲ. ಇದ್ದಿದ್ದರೆ ಆ ಗಾದೆಗೆ ಮೂರನೆಯ ಮಾತೊಂದು ಸೇರುತ್ತಿತ್ತೆಂಬುದರಲ್ಲಿ ಬಸವನಗುಡಿಯ ಆ ಮನೆಯವರಿಗೆ ಈಗ ಸಂದೇಹವಿಲ್ಲ. ಸಿದ್ಧವಾದ ಯಂತ್ರವನ್ನು ಅಂಗಡಿಯಿಂದ ತಂದು ಗುಂಡಿ ಒತ್ತುವವರಿಗೆ ಈ ಕಷ್ಟ ತಿಳಿಯದು. ಬಿಡಿಭಾಗಗಳನ್ನು ಆರಿಸಿ ತಂದು, ಮನೆಯಲ್ಲಿಯೇ ಜೋಡಿಸಿ, ಅದಕ್ಕೆ ಜೀವ ತುಂಬಲು ಹೊರಟವರಿಗೆ ಮಾತ್ರ ಅದರ ಸುಖದುಃಖಗಳ ಅರಿವು.

ಹಾಗೆ ಹೊರಟವಳು ಆ ಮನೆಯ ಮೊಮ್ಮಗಳು. ವಯಸ್ಸು ಹತ್ತೊಂಬತ್ತು, ಇಂಜಿನಿಯರಿಂಗ್ ವಿದ್ಯಾರ್ಥಿನಿ. ನೆರೆಹೊರೆಯ ಮಕ್ಕಳಿಗೆ ಎರಡು ವರ್ಷ ಗಣಿತ ಹೇಳಿಕೊಟ್ಟು ಕೂಡಿಟ್ಟ ೪೦,೦೦೦ ರೂಪಾಯಿ ಅವಳ ಕೈಯಲ್ಲಿತ್ತು. ತಂದೆಗೆ ಈ ಸಾಹಸ ಒಪ್ಪಿಗೆಯಿರಲಿಲ್ಲ. “ಲ್ಯಾಪ್‌ಟಾಪ್ ಕೊಂಡರೆ, ಕೆಟ್ಟಾಗ ಒಬ್ಬನನ್ನು ಕೇಳಿದರೆ ಸಾಕು. ಇದು ಕೆಟ್ಟರೆ ಹತ್ತು ಜನರನ್ನು ಕೇಳಬೇಕು” ಎಂದರು. ತಾತ ಮಾತ್ರ, “ಅವಳ ದುಡ್ಡು, ಅವಳ ಇಷ್ಟ” ಎಂದು ಪತ್ರಿಕೆಯ ಪುಟ ತಿರುವಿದರು.

೨೦೨೪ರ ಮೇ ತಿಂಗಳ ಒಂದು ಶನಿವಾರ, ಎಸ್.ಪಿ. ರಸ್ತೆಯ ಕಿರಿದಾದ ಅಂಗಡಿಯೊಂದರಿಂದ ಸಾಮಾನುಗಳು ಬಂದವು. ಮದರ್‌ಬೋರ್ಡು, ರೈಜೆನ್ ೫೬೦೦ಜಿ ಎಂಬ ಪ್ರೊಸೆಸರು, ತಲಾ ೮ ಜಿಬಿಯ ಎರಡು ರ‍್ಯಾಮ್ ಪಟ್ಟಿಗಳು, ಎಸ್‌ಎಸ್‌ಡಿ, ಪವರ್ ಸಪ್ಲೈ, ಇವೆಲ್ಲವನ್ನೂ ಹೊಟ್ಟೆಯೊಳಗೆ ಇಟ್ಟುಕೊಳ್ಳುವ ಕ್ಯಾಬಿನೆಟ್ಟು. ಊಟದ ಮೇಜು ಸಂಜೆಯ ಹೊತ್ತಿಗೆ ಗಡಿಯಾರದ ರಿಪೇರಿ ಅಂಗಡಿಯಂತಾಗಿತ್ತು. ಮನೆಮಂದಿಯೆಲ್ಲ ಅಂದು ನೆಲದ ಮೇಲೆ ಕುಳಿತೇ ಊಟ ಮಾಡಿದರು.

ಮೊದಲನೆಯ ಸಲ ಗುಂಡಿ ಒತ್ತಿದಾಗ ಫ್ಯಾನುಗಳು ತಿರುಗಿದವು. ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ಹುಡುಗಿ ಧೈರ್ಯಗೆಡಲಿಲ್ಲ. ಪ್ರೊಸೆಸರಿಗೆ ವಿದ್ಯುತ್ತನ್ನು ಒಯ್ಯುವ ಎಂಟು ಮೊನೆಗಳ ತಂತಿ ಕ್ಯಾಬಿನೆಟ್ಟಿನ ಹಿಂದೆಯೇ ಅಡಗಿ ಉಳಿದಿದ್ದುದನ್ನು ಅರ್ಧ ಗಂಟೆಯಲ್ಲಿ ಕಂಡುಹಿಡಿದಳು. ಪರದೆ ಬೆಳಗಿತು. ತಾಯಿ ಒಳಗಿನಿಂದ ಒಂದು ಚಮಚ ಸಕ್ಕರೆ ತಂದು ಮಗಳ ಬಾಯಿಗೆ ಹಾಕಿದರು.

ಆದರೆ ಯಂತ್ರಕ್ಕೆ ದೇಹ ಬಂದಿತ್ತೇ ಹೊರತು ಬುದ್ಧಿ ಬಂದಿರಲಿಲ್ಲ. ಭಾಗಗಳೆಲ್ಲವನ್ನೂ ಒಂದು ಆಡಳಿತಕ್ಕೆ ಒಳಪಡಿಸುವ ಆಪರೇಟಿಂಗ್ ಸಿಸ್ಟಮ್ ಎಂಬುದನ್ನು ಇನ್ನೂ ಸ್ಥಾಪಿಸಬೇಕಾಗಿತ್ತು. ವಿಂಡೋಸ್ ೧೦ಕ್ಕೆ ೨೦೨೫ರ ಅಕ್ಟೋಬರ್ ೧೪ಕ್ಕೆ ಬೆಂಬಲ ನಿಲ್ಲುವುದೆಂದು ಮೊದಲೇ ಪ್ರಕಟವಾಗಿದ್ದುದರಿಂದ, ಅವಳು ವಿಂಡೋಸ್ ೧೧ನ್ನು ಪೆನ್‌ಡ್ರೈವಿನಲ್ಲಿ ಸಿದ್ಧಮಾಡಿಕೊಂಡಿದ್ದಳು. ಅದು ಹೊಸ್ತಿಲಲ್ಲಿಯೇ ತಡೆಯಿತು. ಟಿಪಿಎಂ ೨.೦ ಎಂಬ, ರಹಸ್ಯ ಬೀಗದಕೈಗಳನ್ನು ಕಾಪಾಡುವ ಏರ್ಪಾಡು ಇಲ್ಲದ ಯಂತ್ರವನ್ನು ವಿಂಡೋಸ್ ೧೧ ಒಪ್ಪುವುದಿಲ್ಲ. ಈ ಪ್ರೊಸೆಸರಿನೊಳಗೆ ಆ ಏರ್ಪಾಡು ಇತ್ತು. ಆದರೆ ಮದರ್‌ಬೋರ್ಡಿನ ಬಯಾಸ್‌ನಲ್ಲಿ ಅದನ್ನು ಮುಚ್ಚಿಟ್ಟಿದ್ದರು. ಹುಡುಗಿ ಬಯಾಸ್ ಪ್ರವೇಶಿಸಿ ಅದನ್ನು ತೆರೆದಳು. ಕೈ ಹೇಗೂ ಒಳಗಿದೆಯಲ್ಲ ಎಂದು, ಇನ್ನೂ ನಾಲ್ಕಾರು ಕಡೆ ತಿದ್ದಿ ಹೊರಬಂದಳು. ಏನೇನು ತಿದ್ದಿದೆನೆಂದು ಎಲ್ಲಿಯೂ ಬರೆದುಕೊಳ್ಳಲಿಲ್ಲ.

ನಿಜವಾದ ಕಷ್ಟ ಅಲ್ಲಿಂದ ಮುಂದೆ. ಕಡತಗಳು ಡಿಸ್ಕಿಗೆ ಇಳಿಯತೊಡಗಿ, ಶೇಕಡ ೩೭ಕ್ಕೆ ಬಂದಾಗ ಕೆಲಸ ನಿಂತಿತು. ಬೇಕಾದ ಕಡತವನ್ನು ಸ್ಥಾಪಿಸಲಾಗುತ್ತಿಲ್ಲ, ಕಡತ ಕೆಟ್ಟಿರಬಹುದು ಅಥವಾ ಇಲ್ಲದಿರಬಹುದು ಎಂಬ ಸಂದೇಶ; ಕೆಳಗೆ ೮೦೦೭೦೫೭೦ ಎಂದು ಮುಗಿಯುವ ಸಂಕೇತ. ಮತ್ತೆ ಮೊದಲಿನಿಂದ ಆರಂಭಿಸಿದಳು. ಈ ಬಾರಿ ೬೪ರವರೆಗೆ ಹೋಗಿ ನಿಂತಿತು. ನೆರೆಮನೆಯ ಲ್ಯಾಪ್‌ಟಾಪಿನಲ್ಲಿ ಬೇರೊಂದು ಪೆನ್‌ಡ್ರೈವನ್ನು ಸಿದ್ಧಮಾಡಿ ತಂದಳು. ಬೇರೆ ಕಿಂಡಿಗೆ ಚುಚ್ಚಿದಳು. ಈಗ ೧೨ಕ್ಕೇ ನಿಂತಿತು. ಭಾನುವಾರವೆಲ್ಲ ಹೀಗೆಯೇ ಕಳೆಯಿತು. ಸಂಜೆ ತಂದೆ ಕೋಣೆಯ ಬಾಗಿಲಲ್ಲಿ ನಿಂತು ನೋಡಿದರು. ಏನೂ ಹೇಳಲಿಲ್ಲ. ಹೇಳಿದ್ದರೇ ಚೆನ್ನಾಗಿತ್ತೆಂದು ಅವಳಿಗೆ ಅನ್ನಿಸಿತು.

ಸೋಮವಾರ ಬೆಳಗ್ಗೆ ಅವಳು ಅಂಗಡಿಗೆ ಫೋನು ಮಾಡಿದಳು. ಸಾಮಾನು ಕೊಟ್ಟ ಹುಡುಗನೇ ಮಾತಿಗೆ ಸಿಕ್ಕಿದನು. ಎರಡು ದಿನಗಳ ನಿದ್ದೆಗೇಡು ನಾಲಗೆಗೆ ಬಂದಿತ್ತು. “ಹಳೇ ಡಿಸ್ಕನ್ನು ಹೊಸದು ಅಂತ ಮಾರಿದ್ದೀರಿ. ಹುಡುಗಿ, ಏನು ಗೊತ್ತಾಗುತ್ತೆ ಅಂದುಕೊಂಡಿರಿ ಅಲ್ಲವೇ?” ಎಂದಳು. “ಇಲ್ಲ ಮೇಡಂ, ಸೀಲು ನಿಮ್ಮೆದುರಿಗೇ ಒಡೆದದ್ದು” ಎಂದು ಆತ ಮೆಲ್ಲಗೆ ಹೇಳಿದ. ಹಿಂದಿನಿಂದ ಯಾರೋ ಗದರಿದ ಧ್ವನಿ ಕೇಳಿ ಫೋನು ಕಡಿಯಿತು.

ಈ ಮಾತುಗಳು ಜಗುಲಿಯಲ್ಲಿ ಕುಳಿತಿದ್ದ ತಾತನ ಕಿವಿಗೆ ಬಿದ್ದವು. ಅವರಿಗೆ ೭೮ ವರ್ಷ. ಬ್ಯಾಂಕಿನಲ್ಲಿ ಗುಮಾಸ್ತರಾಗಿ ಸೇರಿ, ಅಧಿಕಾರಿಯಾಗಿ ನಿವೃತ್ತರಾದವರು. ಕಂಪ್ಯೂಟರಿನ ವಿಷಯ ಅವರಿಗೆ ತಿಳಿದುದು ಕಡಿಮೆ. ತಾಳೆಯಾಗದ ಲೆಕ್ಕದ ವಿಷಯ ತಿಳಿದುದು ಬಹಳ. ರಾತ್ರಿ ಊಟವಾದ ಮೇಲೆ ಕುರ್ಚಿಯೊಂದನ್ನು ಎಳೆದುಕೊಂಡು ಮೊಮ್ಮಗಳ ಪಕ್ಕದಲ್ಲಿ ಕುಳಿತರು.

“ಪುಟ್ಟಿ, ತಪ್ಪು ಪ್ರತಿ ಸಲವೂ ಒಂದೇ ಜಾಗದಲ್ಲಿ ಬರುತ್ತದೋ?”

“ಇಲ್ಲ ತಾತ. ಮೂವತ್ತೇಳು, ಅರವತ್ತನಾಲ್ಕು, ಹನ್ನೆರಡು. ಒಂದಕ್ಕೊಂದು ಸಂಬಂಧವೇ ಇಲ್ಲ.”

“ಪುಸ್ತಕದ ಒಂದು ಹಾಳೆ ಹರಿದಿದ್ದರೆ, ಓದುವವನು ಪ್ರತಿ ಸಲವೂ ಅದೇ ಹಾಳೆಯಲ್ಲಿ ತಡವರಿಸುತ್ತಾನೆ. ದಿನಕ್ಕೊಂದು ಹಾಳೆಯಲ್ಲಿ ತಡವರಿಸಿದರೆ ನೋಡಬೇಕಾದ್ದು ಕನ್ನಡಕವನ್ನು. ಅದಿರಲಿ, ಆ ಪೆನ್‌ಡ್ರೈವಿನಿಂದ ಹೊರಟ ಕಡತ ನೇರವಾಗಿ ಡಿಸ್ಕಿಗೆ ಹೋಗುತ್ತದೆಯೋ, ದಾರಿಯಲ್ಲಿ ಎಲ್ಲಾದರೂ ತಂಗುತ್ತದೆಯೋ?”

ಹುಡುಗಿ ಉತ್ತರ ಹೇಳಲು ಬಾಯಿ ತೆರೆದವಳು ಅರೆಗಳಿಗೆ ಸುಮ್ಮನಾದಳು. ಕಡತ ಮೊದಲು ರ‍್ಯಾಮಿಗೆ ಬರುತ್ತದೆ. ಒತ್ತಿ ಮಡಿಸಿಟ್ಟಿರುವ ಗಂಟನ್ನು ಬಿಚ್ಚುವುದು ಅಲ್ಲಿ. ಮೂಲದಲ್ಲಿ ಬರೆದಿಟ್ಟ ಮೊತ್ತಕ್ಕೂ ಬಿಚ್ಚಿದ ಸರಕಿಗೂ ತಾಳೆ ನೋಡುವುದೂ ಅಲ್ಲಿ. ತಾಳೆಯಾದ ಮೇಲೆ ಡಿಸ್ಕಿಗೆ. ರ‍್ಯಾಮಿನಲ್ಲಿ ಒಂದೇ ಒಂದು ಅಂಕೆ ಅದಲುಬದಲಾದರೂ ತಾಳೆ ತಪ್ಪುತ್ತದೆ. ಆಗ ಯಂತ್ರ ಕಡತ ಕೆಟ್ಟಿದೆಯೆಂದು ಹೇಳುತ್ತದೆ. ಕಡತ ನಿರಪರಾಧಿ, ಡಿಸ್ಕೂ ನಿರಪರಾಧಿ.

“ಹಾಗಾದರೆ ಬೇಗ ಎಲ್ಲವನ್ನೂ ಬದಲಾಯಿಸಿ ನೋಡಿಬಿಡುತ್ತೇನೆ” ಎಂದು ಅವಳು ಎದ್ದಳು. ತಾತ ಕೈಹಿಡಿದು ಕೂರಿಸಿದರು. “ಒಂದು ಸಲಕ್ಕೆ ಒಂದು. ಮಾಡಿದ್ದನ್ನು ಬರೆ. ಎರಡನ್ನು ಒಟ್ಟಿಗೆ ಬದಲಾಯಿಸಿದರೆ, ಗುಣವಾದರೂ ಯಾವ ಔಷಧಿಯಿಂದ ಅಂತ ತಿಳಿಯುವುದಿಲ್ಲ.”

ಹಳೆಯ ನೋಟುಪುಸ್ತಕದಲ್ಲಿ ತಾತನೇ ಗೆರೆ ಎಳೆದು ಕೊಟ್ಟರು. ಮೊದಲು ಒಂದು ರ‍್ಯಾಮ್ ಪಟ್ಟಿಯನ್ನು ತೆಗೆದು ನೋಡಿದರು. ಸ್ಥಾಪನೆ ೫೧ಕ್ಕೆ ನಿಂತಿತು. ಅದನ್ನು ಬಿಟ್ಟು ಇನ್ನೊಂದನ್ನು ಹಾಕಿದರು, ೨೯ಕ್ಕೆ ನಿಂತಿತು. “ಎರಡೂ ಕೆಟ್ಟಿವೆ” ಎಂದಳು ಹುಡುಗಿ. “ಹೊಸ ಪಟ್ಟಿಗಳು ಎರಡೂ ಒಂದೇ ದಿನ ಕೆಡುವುದು ಅಪರೂಪ. ಎರಡಕ್ಕೂ ಸಮಾನವಾದದ್ದು ಏನು?” ಎಂದರು ತಾತ.

ಅವಳು ಬಹಳ ಹೊತ್ತು ಪರದೆಯನ್ನೇ ನೋಡಿದಳು. ಅನಂತರ ಬಯಾಸ್ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟಳು. ಎಕ್ಸ್‌ಎಂಪಿ. ಶನಿವಾರ ರಾತ್ರಿ ಟಿಪಿಎಂ ತೆರೆಯಲು ಹೋದಾಗ, ಪಟ್ಟಿಗಳ ಮೇಲೆ ಅಚ್ಚಾಗಿದ್ದ ೩೬೦೦ರ ವೇಗವನ್ನು ಪಡೆಯಲೆಂದು ತಾನೇ ಚಾಲೂ ಮಾಡಿದ್ದಳು. ಹಾಗೆಯೇ ಬಿಟ್ಟಿದ್ದರೆ ಅವು ೨೧೩೩ರ ಸಾಮಾನ್ಯ ವೇಗದಲ್ಲಿ ಓಡುತ್ತಿದ್ದವು. ಆ ಪ್ರೊಸೆಸರಿಗೆ ತಯಾರಕರೇ ಹೇಳಿರುವ ಮಿತಿ ೩೨೦೦. ಅನೇಕ ಯಂತ್ರಗಳು ಮಿತಿಯನ್ನು ಮೀರಿಯೂ ಸುಖವಾಗಿ ಓಡುತ್ತವೆ, ಕೆಲವು ಓಡಲಾರವು. ಇಲ್ಲಿ ಯಾವ ಭಾಗವೂ ಕೆಟ್ಟಿರಲಿಲ್ಲ. ಅವುಗಳನ್ನು ಓಡಿಸಿದ ಅವಸರವೊಂದೇ ಹೆಚ್ಚಾಗಿತ್ತು.

“ನಾನೇ ಮಾಡಿದ್ದು ತಾತ” ಎಂದಳು. ದನಿ ಉಡುಗಿತ್ತು.

ಆ ಸಾಲನ್ನು ಮುಚ್ಚಿ, ಎರಡು ಪಟ್ಟಿಗಳನ್ನೂ ಹಾಕಿ, ಆರನೆಯ ಸಲ ಆರಂಭಿಸಿದಳು. ೩೭ ದಾಟಿತು. ೬೪ ದಾಟಿತು. ನೂರಾಯಿತು. ಯಂತ್ರ ತಾನಾಗಿ ಒಮ್ಮೆ ಆರಿ ಮತ್ತೆ ಹೊತ್ತಿಕೊಂಡು, ಭಾಷೆ ಯಾವುದು, ದೇಶ ಯಾವುದು ಎಂದು ವಿನಯದಿಂದ ವಿಚಾರಿಸತೊಡಗಿತು. ಗಂಟೆ ರಾತ್ರಿ ಹನ್ನೊಂದೂವರೆ. ಹುಡುಗಿ ಕುಣಿಯಬೇಕಾಗಿತ್ತು, ಕುಣಿಯಲಿಲ್ಲ. “ಆ ಅಂಗಡಿಯ ಹುಡುಗನಿಗೆ ಎಷ್ಟು ಅಂದುಬಿಟ್ಟೆ” ಎಂದಳು.

ಆಗ ತಾತ, ಮನೆಯಲ್ಲಿ ಯಾರಿಗೂ ಹೇಳದಿದ್ದ ಒಂದು ಸಂಗತಿಯನ್ನು ಹೇಳಿದರು.

೧೯೭೪ರಲ್ಲಿ ಅವರು ತಾಲ್ಲೂಕು ಊರೊಂದರ ಶಾಖೆಯಲ್ಲಿ ಲೆಡ್ಜರು ಬರೆಯುತ್ತಿದ್ದರು. ಒಂದು ಸಂಜೆ ನಗದಿನಲ್ಲಿ ೨೭೦ ರೂಪಾಯಿ ಕಡಿಮೆ ಬಂದಿತು. ಪುಸ್ತಕ ಒಂದು ಹೇಳಿತು, ಪೆಟ್ಟಿಗೆ ಇನ್ನೊಂದು ಹೇಳಿತು. “ನನ್ನ ಬರಹದಲ್ಲಿ ತಪ್ಪಿಲ್ಲ, ಕ್ಯಾಷಿಯರನ್ನೇ ಕೇಳಿ” ಎಂದರು ಇವರು, ಎಲ್ಲರ ಎದುರಿನಲ್ಲಿ. ಕ್ಯಾಷಿಯರು ಮೂರು ಮಕ್ಕಳ ತಂದೆ. ಎದುರು ಮಾತನಾಡದೆ ಹಣವನ್ನು ಕೈಯಿಂದ ಕಟ್ಟಿಕೊಟ್ಟು ಮನೆಗೆ ನಡೆದರು.

ಅಂಕೆಗಳು ಅದಲುಬದಲಾದಾಗ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. ಲೆಕ್ಕ ಬರೆಯುವವರಿಗೆಲ್ಲ ತಿಳಿದ ಸೂತ್ರವಿದು. ೨೭೦ ಒಂಬತ್ತರಿಂದ ಭಾಗವಾಗುತ್ತದೆಂದು ಇವರಿಗೆ ಹೊಳೆದುದು ಮೂರನೆಯ ದಿನ. ಚಲನುಗಳನ್ನು ಒಂದೊಂದಾಗಿ ತಿರುವಿ ನೋಡಿದರು. ೩೬೦ ರೂಪಾಯಿಯ ಚಲನನ್ನು ಪುಸ್ತಕದಲ್ಲಿ ೬೩೦ ಎಂದು ಬರೆದಿತ್ತು. ಬರಹ ಇವರದೇ.

“ಹಣ ವಾಪಸು ಬಂತು. ಮ್ಯಾನೇಜರೇ ಕರೆದು ಕೊಟ್ಟರು. ನಾನು ಹೋಗಿ, ತಪ್ಪಾಯಿತು ಅನ್ನಲಿಲ್ಲ. ನಾಳೆ ಅನ್ನೋಣ, ನಾಡಿದ್ದು ಅನ್ನೋಣ ಅಂತ ಇರುವಾಗಲೇ ಅವರಿಗೆ ವರ್ಗವಾಯಿತು. ಹದಿನೈದು ವರ್ಷದ ಹಿಂದೆ ಹೋಗಿಬಿಟ್ಟರು ಅಂತ ಕೇಳಿದೆ.” ತಾತ ಕನ್ನಡಕ ತೆಗೆದು ಒರೆಸಿಕೊಂಡರು. “ಅಂಗಡಿ ನಾಳೆ ಎಷ್ಟು ಗಂಟೆಗೆ ತೆಗೆಯುತ್ತಾರೆ?”

ಮಾರನೆಯ ದಿನ ಹನ್ನೊಂದು ಗಂಟೆಗೆ ತಾತ ಮೊಮ್ಮಗಳಿಬ್ಬರೂ ಎಸ್.ಪಿ. ರಸ್ತೆಯಲ್ಲಿದ್ದರು. ಕೈಗಾಡಿಗಳ ಮತ್ತು ಸ್ಕೂಟರುಗಳ ನಡುವೆ ದಾರಿ ಮಾಡಿಕೊಂಡು ಅಂಗಡಿ ಸೇರುವಷ್ಟರಲ್ಲಿ ತಾತನಿಗೆ ಏದುಸಿರು ಬಂದಿತ್ತು. ಇವರನ್ನು ಕಂಡ ಹುಡುಗನ ಮುಖ ಬಿಳುಪೇರಿತು. “ಡಿಸ್ಕ್ ತಂದಿದ್ದೀರಾ ಮೇಡಂ?” ಎಂದ.

“ಇಲ್ಲ. ಡಿಸ್ಕ್ ಚೆನ್ನಾಗಿದೆ. ತಪ್ಪು ನನ್ನದು. ನಿಮ್ಮನ್ನು ಹಾಗೆ ಅನ್ನಬಾರದಿತ್ತು” ಎಂದಳು ಹುಡುಗಿ, ಒಳಗೆ ಕುಳಿತಿದ್ದ ಯಜಮಾನರಿಗೂ ಕೇಳಿಸುವಂತೆ.

ಹುಡುಗ ಒಮ್ಮೆ ಒಳಗೆ ನೋಡಿ, ದನಿ ತಗ್ಗಿಸಿ, “ವಾಪಸು ಬಂದರೆ ಸಂಬಳದಲ್ಲಿ ಹಿಡಿಯುತ್ತೇನೆ ಅಂದಿದ್ದರು” ಎಂದ. ಅನಂತರ ಎಲ್ಲವನ್ನೂ ಮರೆತವನಂತೆ, ಏನಾಗಿತ್ತೆಂದು ಕುತೂಹಲದಿಂದ ವಿಚಾರಿಸಿದ. ನೋಟುಪುಸ್ತಕದ ಪಟ್ಟಿಯನ್ನು ನೋಡಿ ತಲೆದೂಗಿದ. “೨೧೩೩ರಲ್ಲೇ ಇಟ್ಟರೆ ನಷ್ಟ ಮೇಡಂ. ಕೈಯಿಂದ ೩೨೦೦ ಅಂತ ಹಾಕಿ. ರಾತ್ರಿ ಮೆಮ್‌ಟೆಸ್ಟ್೮೬ ಓಡಿಸಿ ಬಿಡಿ. ನಾಲ್ಕು ಸುತ್ತಲ್ಲಿ ಒಂದು ತಪ್ಪೂ ಬರದಿದ್ದರೆ ನೆಮ್ಮದಿಯಾಗಿ ಉಪಯೋಗಿಸಿ.”

ಅಂದು ರಾತ್ರಿ ಅವಳು ಆ ಪರೀಕ್ಷೆಯನ್ನು ಎರಡು ಬಾರಿ ಮಾಡಿದಳು. ೩೬೦೦ರಲ್ಲಿ ಸ್ವಲ್ಪ ಹೊತ್ತಿಗೇ ಪರದೆಯ ತುಂಬ ಕೆಂಪು ಸಾಲುಗಳು ಬಿದ್ದವು. ೩೨೦೦ಕ್ಕೆ ಇಳಿಸಿ ಮಲಗಿದಳು. ಬೆಳಗ್ಗೆ ಎದ್ದು ನೋಡುವಾಗ ನಾಲ್ಕು ಸುತ್ತುಗಳು ಮುಗಿದಿದ್ದವು. ತಪ್ಪುಗಳ ಸಂಖ್ಯೆಯ ಜಾಗದಲ್ಲಿ ಸೊನ್ನೆ. ತಂದೆ ಕಾಫಿ ಲೋಟವನ್ನು ಹಿಡಿದು ಬಂದು, ಬಹಳ ಹೊತ್ತು ಆ ಸೊನ್ನೆಯನ್ನು ನೋಡಿದರು. “ನನ್ನ ಆಫೀಸಿನ ಕಂಪ್ಯೂಟರು ಕೂಡ ಆಗಾಗ ನಿಂತುಹೋಗುತ್ತದೆ. ಭಾನುವಾರ ಒಂದಿಷ್ಟು ನೋಡುತ್ತೀಯೇನಮ್ಮ?” ಎಂದರು.

ಆ ನೋಟುಪುಸ್ತಕ ಈಗಲೂ ಕಂಪ್ಯೂಟರಿನ ಪಕ್ಕದಲ್ಲಿಯೇ ಇದೆ. ಬಯಾಸ್‌ನಲ್ಲಿ ಏನು ತಿದ್ದಿದರೂ ಮೊದಲು ಅದರಲ್ಲಿ ತಾರೀಖಿನ ಸಮೇತ ಬರೆಯಬೇಕೆಂಬುದು ಮನೆಯ ಕಟ್ಟಳೆ. ಅದರ ಮೊದಲ ಪುಟದಲ್ಲಿ, ಗೆರೆಗಳ ಮೇಲ್ಭಾಗದಲ್ಲಿ, ತಾತನ ಹಳೆಯ ಲೆಡ್ಜರಿನ ಅಕ್ಷರಗಳಲ್ಲಿ ಎರಡು ಸಂಖ್ಯೆಗಳಿವೆ: ೩೬೦, ೬೩೦. ಅವು ಯಾವ ವೇಗಗಳೆಂದು ನೋಡಿದವರು ಕೇಳುತ್ತಾರೆ. ಹುಡುಗಿ ತಾತನ ಕಡೆಗೆ ನೋಡುತ್ತಾಳೆ. ಅವರು ಪತ್ರಿಕೆಯ ಪುಟ ತಿರುವುತ್ತಾರೆ.